ಸತ್ತವನ ಸಹಾಯ

ಅಳಿಯ ಹನ್ನೆರಡು ಮೀಟರ್ ಎತ್ತರದಲ್ಲಿ ಜೋತುಬಿದ್ದಿದ್ದ. ಬಾಮೈದ ಅವನನ್ನು ತಬ್ಬಿಕೊಂಡು ಬೆವರುತ್ತಿದ್ದ. ಕೆಳಗೆ ಗಡಿಯಾರ ಹಿಡಿದು ನಿಂತಿದ್ದ ಉಡನಿಗೆ ಇಬ್ಬರನ್ನೂ ಕಂಡು ಮೈಯೆಲ್ಲ ಉರಿಯುತ್ತಿತ್ತು.

ಅಳಿಯನ ಮೇಲೆ ಉರಿದುಕೊಂಡು ಪ್ರಯೋಜನವಿರಲಿಲ್ಲ, ಅವನು ಗೊಂಬೆ. ಹಳೆಯ ಕೆಲಸದಂಗಿಯೊಳಗೆ ಮರಳಿನ ಚೀಲ ತುರುಕಿ, ಕೈಕಾಲು ಹೊಲಿದು, ತಲೆಗೊಂದು ಬಿರುಕುಬಿಟ್ಟ ಹೆಲ್ಮೆಟ್ ಕಟ್ಟಿ ಎಂಬತ್ತು ಕಿಲೋ ತೂಗುವಂತೆ ಮಾಡಿದ್ದರು. ಇಟ್ಟ ಕಡೆ ಕೂರುತ್ತಾನೆ, ತನ್ನ ಭಾರ ತಾನು ಹೊರುವುದಿಲ್ಲ, ಎಬ್ಬಿಸಬೇಕೆಂದರೆ ಮನೆಮಂದಿಯೆಲ್ಲ ಬರಬೇಕು ಎಂಬ ಲಕ್ಷಣಗಳನ್ನು ನೋಡಿ ಯಾರ್ಡಿನವರು ಅವನಿಗೆ ಅಳಿಯ ಎಂದು ಹೆಸರಿಟ್ಟಿದ್ದರು. ಬಾಮೈದ ಮಾತ್ರ ಅಸಲಿ ಬಾಮೈದ, ಉಡನ ಹೆಂಡತಿಯ ಖಾಸಾ ತಮ್ಮ. ಯಾರ ದನಿ ಬೇಕಾದರೂ ಅವನ ಗಂಟಲಿನಿಂದ ಬರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ರೇಡಿಯೋ ಆಗಿದ್ದ. ಈಗ ಆ ರೇಡಿಯೋದಿಂದ ಬರೀ ಗೊರಗೊರ ಬರುತ್ತಿತ್ತು.

"ಹದಿನಾಲ್ಕು ನಿಮಿಷ!" ಉಡ ಕೂಗಿದ. "ಅವನ ಪ್ರಾಣ ಹೋಯ್ತು, ಅವನ ಹೆಂಡ್ತಿ ಅತ್ತೂ ಮುಗಿಸಿ ಮುಖ ತೊಳ್ಕೊಂಡ್ಲು. ನೀನಿನ್ನೂ ಕೊಂಡಿ ಹುಡುಕ್ತಾ ಇದೀಯಾ?"

"ಕೊಂಡಿ ಸಿಕ್ಕಿದೆ ಭಾವಾ! ಬಿಚ್ತಾ ಇಲ್ಲ!"

"ಭಾರ ಬಿದ್ದಿರೋ ಕೊಂಡಿ ಎಲ್ಲಾದ್ರೂ ಬಿಚ್ಚುತ್ತೇನೋ? ಅವನ್ನ ಎತ್ತು, ಆಮೇಲೆ ಬಿಚ್ಚು!"

"ಎತ್ತೋಕೆ ನಾನೇನು ಕ್ರೇನಾ?"

"ಸಾಕು, ಇಳಿ! ಮೂರು ಸಲ ಆಯ್ತು. ಮೂರು ಸಲವೂ ಕೊಂದೆ."

ಮನೆಗಳ ಮೇಲೆ, ತಂತಿಗಳ ಮೇಲೆ, ರಸ್ತೆಗಳ ಮೇಲೆ ವಾಲಿದ ಮರಗಳನ್ನು ಹತ್ತಿ ಕಡಿಯುವುದು ಇವರ ಕೆಲಸ. ಹತ್ತುವವರ ಮೈಮೇಲೆ ಸೊಂಟ ತೊಡೆಗಳಿಗೆ ಸುತ್ತಿದ ಬೆಲ್ಟು. ಬೆಲ್ಟಿಗೆ ಎರಡು ಹಗ್ಗ. ಒಂದು, ಮೇಲಿನ ಗಟ್ಟಿ ಕವಲಿನಿಂದ ಇಳಿಬಿಟ್ಟ ದೊಡ್ಡ ಹಗ್ಗ. ಅದರಲ್ಲಿರುವ ಹಿಡಿಗಂಟು ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ, ಕೈಯಿಂದ ಒತ್ತಿದರೆ ಜಾರುತ್ತದೆ. ಇನ್ನೊಂದು, ಕಾಂಡವನ್ನು ಬಳಸಿಬರುವ ಗಿಡ್ಡ ಅಡ್ಡಹಗ್ಗ. ಎರಡೂ ಬಿಗಿಯದೆ ಮೆಷಿನ್ ಗರಗಸದ ದಾರ ಎಳೆಯುವ ಹಾಗಿಲ್ಲ. ಮೇಲಿದ್ದವರಿಗೆ ಕೊಂಬೆ ಬಡಿದು ಎಚ್ಚರ ತಪ್ಪಿತೆನ್ನಿ. ಕುಸಿದ ದೇಹದ ಭಾರವೆಲ್ಲ ಅಡ್ಡಹಗ್ಗದ ಮೇಲೆ ಕೂರುತ್ತದೆ, ತೊಡೆಯ ಪಟ್ಟಿಗಳು ರಕ್ತವನ್ನು ಕಾಲಿನಲ್ಲೇ ಹಿಡಿದಿಡುತ್ತವೆ. ಹತ್ತು ನಿಮಿಷದೊಳಗೆ ಕೆಳಗಿನವನು ಹತ್ತಿಹೋಗಿ, ಅವರನ್ನು ತನ್ನ ಬೆಲ್ಟಿಗೆ ಸೇರಿಸಿಕೊಂಡು, ಅಡ್ಡಹಗ್ಗ ಬಿಡಿಸಿ, ಇಬ್ಬರ ಭಾರವನ್ನೂ ಹೊತ್ತು ಇಳಿಯಬೇಕು. ಇಳಿಸಲು ಬಲ್ಲವನು ಕೆಳಗಿಲ್ಲದೆ ಯಾರೂ ಮರ ಹತ್ತುವಂತಿಲ್ಲ. ಯಾರು ಬಲ್ಲರು, ಯಾರು ಬಲ್ಲರಲ್ಲ ಎಂದು ಪರೀಕ್ಷಿಸಿ ನೀಲಿ ಪುಸ್ತಕದಲ್ಲಿ ಸಹಿ ಹಾಕುವವನು ಉಡ. ಮರ ಹಿಡಿದರೆ ಬಿಡುವುದಿಲ್ಲವೆಂದು ಅವನಿಗೆ ಆ ಹೆಸರು. ಮಾತು ಹಿಡಿದರೂ ಬಿಡುವುದಿಲ್ಲ ಎಂದು ಹೆಂಡತಿ ಬಾಲ ಸೇರಿಸುತ್ತಿದ್ದಳು.

ಅವತ್ತು ಕೆಳಗಿನವನಾಗಬೇಕಿದ್ದವನು ರೇಡಿಯೋ. ಮೇಲಿರಬೇಕಿದ್ದವಳು ಉಡನ ಮಗಳು. ಇಪ್ಪತ್ಮೂರು ವರ್ಷದವಳು ಬೆಲ್ಟು ಹಾಕಿಕೊಂಡೇ ಗಾಡಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಮೂರು ತಿಂಗಳಿನಿಂದ ಅಂಗಳದ ಪುಟ್ಟ ಮರಗಳನ್ನು ಹತ್ತಿ ಬೇಜಾರಾಗಿದ್ದವಳಿಗೆ ಮೊದಲ ದೊಡ್ಡ ಮರ ಸಿಕ್ಕಿತ್ತು: ಮನೆಯ ಚಾವಣಿಯ ಮೇಲೆ ವಾಲಿದ, ಇಪ್ಪತ್ತೆರಡು ಮೀಟರಿನ ಸಿಲ್ವರ್ ಓಕ್.

ಆಫೀಸಿನಿಂದ ಸೂಪರ್‌ವೈಸರ್ ಚಪ್ಪಲಿ ಎಳೆಯುತ್ತ ಬಂದ.

"ಒಂದು ಲೆಕ್ಕದಲ್ಲಿ ನೋಡಿದ್ರೆ ಇದು ನಪಾಸು ಅಲ್ಲ, ಏನಂತೀರಾ? 'ಅಭ್ಯಾಸ ಮುಂದುವರಿದಿದೆ' ಅಂತ ಬರೀರಿ, ಸಹಿ ಹಾಕಿ. ಗಾಡಿ ಹೊರಡ್ಲಿ."

"ಅಳಿಯ ಅಲ್ಲ, ಮಗಳ ಗಂಡ ಅಂದಹಾಗೆ," ಎಂದ ಉಡ.

ಸೂಪರ್‌ವೈಸರ್ ತಲೆಯೆತ್ತಿ ಗೊಂಬೆಯನ್ನು ನೋಡಿದ. "ಅವನಿಗೂ ಇದಕ್ಕೂ ಏನು ಸಂಬಂಧ?"

"ಸ್ವಾಮೀ, ಆ ಮರದ ಮೇಲೆ ಇರೋದು ನನ್ನ ಮಗಳು. ಇವನು ಕೆಳಗಿದ್ರೆ ನಾನು ಸಹಿ ಹಾಕಲ್ಲ. ಬೇರೆ ಯಾರನ್ನಾದ್ರೂ ಕಳಿಸಿ, ಇಲ್ಲ ಗಾಡಿ ಇಲ್ಲೇ ಇರ್ಲಿ."

"ಹಾಗಾದ್ರೆ ಆರುನಿಮಿಷ ಹೋಗ್ಲಿ."

ಆರುನಿಮಿಷ ಎಂದರೆ ಯಾರ್ಡಿನ ದಾಖಲೆವೀರ. ಕಳೆದ ವರ್ಷದ ಪರೀಕ್ಷೆಯಲ್ಲಿ ಆರೇ ನಿಮಿಷಕ್ಕೆ ಇಳಿಸಿದ್ದಕ್ಕೆ ಆ ಬಿರುದು. ಆ ಬಿರುದನ್ನು ಹೆಲ್ಮೆಟ್ಟಿನ ಮೇಲೂ ಬರೆಸಿಕೊಂಡಿದ್ದ. ಉಡನ ಉಸಿರು ಆಗ ಕೆಳಗಿಳಿಯಿತು. "ಅವನಾದ್ರೆ ಸರಿ," ಎಂದ.

ಮಗಳು ಮಾತ್ರ ಗಾಡಿ ಹತ್ತುವ ಮೊದಲು ಅಪ್ಪನೆದುರು ಬಂದು ನಿಂತಳು. "ಮಾವನಿಗೆ ಮಾತ್ರ ಯಾಕೆ ಗೊಂಬೆ? ಬೇರೆ ಯಾರಿಗೂ ನೀನು ಗೊಂಬೆ ಹಾಕಿಲ್ಲ."

"ಬೇರೆಯವರಿಗೆ ನಾನೇ ನೇತಾಡಿದೀನಿ. ನನ್ನ ತೂಕ ಎಂಬತ್ತೆರಡು. ಅಳಿಯನಿಗಿಂತ ಎರಡು ಕಿಲೋ ಜಾಸ್ತಿ ಹೊತ್ತು ಪಾಸಾಗಿದಾರೆ ಅವರು. ನಿನ್ನ ಮಾವ ನನ್ನ ಹೆಂಡ್ತಿ ತಮ್ಮ. ನಾನೇ ನೇತಾಡಿದ್ರೆ ನಾಳೆ ಊರು ಏನನ್ನುತ್ತೆ? ಭಾವ ಹಗುರಾಗಿ ಇಳಿದ ಅನ್ನುತ್ತೆ."

"ಎಲ್ಲರೆದುರು ಅವನ ಮಾನ ಕಳೆದೆ."

"ಮಾನ ಹೋದ್ರೆ ಹೋಗ್ಲಿ ಮಗಾ. ನಿನ್ನ ಪ್ರಾಣ ಅವನ ತಮಾಷೆಗೆ ನೇತಾಕೋಕೆ ನಾನು ತಯಾರಿಲ್ಲ."

ಅವಳು ಬಾಗಿಲನ್ನು ಧಡ್ ಎಂದು ಬಡಿದುಕೊಂಡಳು. ಗಾಡಿ ಹೊರಟಿತು. ಹತ್ತು ನಿಮಿಷವೂ ಆಗಿರಲಿಲ್ಲ, ಹೆಂಡತಿಯ ಫೋನು.

"ನನ್ನ ತಮ್ಮನ್ನ ಮರಕ್ಕೆ ನೇತಾಕಿ ಊರಿಗೆಲ್ಲ ತೋರಿಸ್ತಾ ಇದೀರಂತೆ?"

"ಸುದ್ದಿ ಗಾಡಿಗಿಂತ ಮುಂಚೆ ಮುಟ್ಟಿತಾ? ನೋಡು, ಮಗಳು ಮೇಲಿರ್ತಾಳೆ, ತಮ್ಮ ಕೆಳಗಿರ್ತಾನೆ. ಇಬ್ಬರಲ್ಲಿ ನಿಂಗೆ ಯಾರು ಬೇಕು, ಹೇಳು."

"ಇಬ್ಬರೂ ಬೇಕು. ಸದ್ಯಕ್ಕೆ ನೀವೊಬ್ಬರು ಬೇಡ."

ಫೋನು ಸತ್ತಿತು. ಉಡ ಅದನ್ನು ಜೇಬಿಗೆ ತುರುಕಿ, ಸುರುಳಿ ಸುತ್ತಿಟ್ಟ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತಿದ. ಸಿಟ್ಟು ಬಂದಾಗ ಅವನಿಗೆ ಕೈಗೊಂದು ಹಗ್ಗ ಬೇಕು.

ಶೆಡ್ಡಿನಲ್ಲಿ ಟೀ ಬಂದಿತ್ತು. ರೇಡಿಯೋ ಅಂಗೈಯ ಬೊಬ್ಬೆಗಳನ್ನು ನೀರಿಗೆ ಹಿಡಿದು ಬಂದು, ಟೀ ಮುಟ್ಟದೆ ನಿಂತ. ಕೊಂಬೆ ಎಳೆಯುವ ಇಬ್ಬರು ಬೆಂಚಿನ ಮೇಲಿದ್ದರು. ಹಗ್ಗ, ಬೆಲ್ಟು, ಕೊಂಡಿಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ಸ್ಟೋರಿನಮ್ಮ ಬಾಗಿಲಲ್ಲಿ ಕೂತು ಹಗ್ಗದ ಸವೆತ ನೋಡುತ್ತಿದ್ದರು.

"ಏನೋ, ಇವತ್ತು ಸ್ಟೇಷನ್ ಬಂದ್ ಆಯ್ತಾ?" ಒಬ್ಬ ಕೆಣಕಿದ.

ರೇಡಿಯೋ ಗಂಟಲು ಸರಿಮಾಡಿಕೊಂಡ. "ಒಂದು ಲೆಕ್ಕದಲ್ಲಿ ನೋಡಿದ್ರೆ ಬಂದ್ ಆಗಿಲ್ಲ, ಏನಂತೀರಾ? ಪ್ರಸಾರ ಮುಂದುವರಿದಿದೆ." ಬೆಂಚು ನಕ್ಕಿತು. ಸೂಪರ್‌ವೈಸರನೇ ಎದ್ದು ಬಂದ ಹಾಗಿತ್ತು. ಮರುಕ್ಷಣ ದನಿ ದಪ್ಪವಾಯಿತು: "ಎತ್ತೋ ಅವನ್ನ! ಅವನ ಹೆಂಡ್ತಿ ಮುಖ ತೊಳ್ಕೊಂಡ್ಲು!" ಅದು ಉಡ. ನಗು ಜೋರಾಯಿತು.

"ಆಯ್ತಾ ನಿನ್ನ ನಾಟಕ?" ಎಂದ ಉಡ. "ಬಾಯಿಗಿರೋ ಬಲ ತೋಳಿಗಿದ್ದಿದ್ರೆ ಇವತ್ತು ಗಾಡೀಲಿ ಇರ್ತಿದ್ದೆ."

ರೇಡಿಯೋ ಅವನನ್ನೇ ನೋಡಿದ. ಆ ನೋಟದಲ್ಲಿ ತಮಾಷೆ ಇರಲಿಲ್ಲ. "ಇನ್ನೊಂದು ಇದೆ ಭಾವಾ. ಇದನ್ನ ಯಾವತ್ತೂ ಮಾಡಿ ತೋರಿಸಿಲ್ಲ. ನೀನು ಸಾಯೋದು."

ಶೆಡ್ಡಿನ ಕಂಬಕ್ಕೆ ಅಡ್ಡಹಗ್ಗ ಬಳಸಿ, ಮೇಲಿನ ತೊಲೆಯ ಹಗ್ಗಕ್ಕೆ ಬೆಲ್ಟು ಸಿಕ್ಕಿಸಿ, ಪಾದ ನೆಲ ಬಿಡುವಷ್ಟು ಮೇಲಕ್ಕೆ ಏರಿದ. ಕೊಂಬೆ ಎಳೆಯುವವನೊಬ್ಬನನ್ನು ಕರೆದು, "ಬಾ, ನೀನು ಆರುನಿಮಿಷ. ನನ್ನನ್ನ ಕಾಪಾಡು," ಎಂದ. ಆಮೇಲೆ ಸತ್ತ. ಕುತ್ತಿಗೆ ವಾಲಿತು, ನಾಲಿಗೆ ಹೊರಬಂತು, ಉಡನ ಹಾಗೆಯೇ ಮೂಗಿನಿಂದೊಂದು ನರಳಾಟ ಹೊರಟಿತು. ಕಾಪಾಡುವವನು ಹತ್ತಿರ ಬರುತ್ತಲೇ ಹೆಣದ ಎಡಗಾಲು ಮೆಲ್ಲಗೆ ಕಂಬವನ್ನು ತಡವಿ, ಅಲ್ಲಿದ್ದ ಮೊಳೆಯೊಂದರ ಮೇಲೆ ಊರಿಕೊಂಡಿತು. ಸೊಂಟ ಒಂದು ಗೇಣು ಮೇಲೆದ್ದಿತು. ಅಡ್ಡಹಗ್ಗ ಸಡಿಲವಾಯಿತು. ಬಲಗೈ ತಾನಾಗಿ ಹೊರಟು ಕೊಂಡಿಯ ಬಾಯನ್ನು ಕಾಪಾಡುವವನ ಬೆರಳಿನ ಕಡೆಗೆ ತಿರುಗಿಸಿ ಕೊಟ್ಟಿತು. ಇಷ್ಟೆಲ್ಲ ಆಗುವಾಗ ಹೆಣದ ಕಣ್ಣು ಮುಚ್ಚಿಯೇ ಇತ್ತು, ನಾಲಿಗೆ ಹೊರಗೇ ಇತ್ತು.

ಬೆಂಚಿನವರು ಹೊಟ್ಟೆ ಹಿಡಿದು ನಕ್ಕರು. "ದಾರಿ ತೋರಿಸೋ ಹೆಣ!" ಎಂದನೊಬ್ಬ.

"ಏಯ್, ನಾನು ಹಾಗೆ ಮಾಡಲ್ಲ!" ಉಡ ಎದ್ದುನಿಂತ. "ಬಾಯಿಗೆ ಬಂದದ್ದು ತೋರಿಸ್ಬೇಡ. ನಾನು ಸತ್ತೆ ಅಂದ್ರೆ ಸತ್ತೆ!"

"ಮಾಡ್ತೀಯಪ್ಪ," ಎಂದರು ಸ್ಟೋರಿನಮ್ಮ, ಹಗ್ಗದಿಂದ ಕಣ್ಣೆತ್ತದೆ.

"ಏನಂದ್ರಿ?"

"ಹನ್ನೊಂದು ಪರೀಕ್ಷೆ ಇದೇ ಬಾಗಿಲಲ್ಲಿ ಕೂತು ನೋಡಿದೀನಿ. ಅವನು ತೋರಿಸಿದ ಹಾಗೇ ಮಾಡ್ತೀಯ. ಕಾಲು, ಸೊಂಟ, ಕೈ. ನೀನು ಬೇಕಂತಲೇ ಮಾಡೋದು, ಇವರು ಪಾಸಾಗ್ಲಿ ಅಂತ ಬಿಡೋದು, ಅಂದ್ಕೊಂಡಿದ್ದೆ."

ನಗು ನಿಂತಿತು. ಉಡನ ಮುಖಕ್ಕೆ ರಕ್ತ ನುಗ್ಗಿತು. ಬೇಕಂತಲೇ! ಇಪ್ಪತ್ತೆರಡು ವರ್ಷ ಮರದ ಮೇಲೆ ಬದುಕಿದವನಿಗೆ ಬಾಗಿಲಲ್ಲಿ ಕೂತವರು ಹೇಳುವ ಮಾತೇ? ಅವನು ಬೆಲ್ಟು ಎಳೆದುಕೊಂಡ. "ಬನ್ನಿ ಎಲ್ಲರೂ. ಅಳಿಯನ್ನ ಹೇಗೆ ಇಳಿಸ್ಬೇಕು ಅಂತ ತೋರಿಸ್ತೀನಿ. ಗಡಿಯಾರ ನೀನೇ ಹಿಡಿಯೋ, ರೇಡಿಯೋ."

ಎರಡನೆಯ ಹಗ್ಗ ಹಿಡಿದು ಎರಡು ನಿಮಿಷದೊಳಗೆ ಮೇಲಿದ್ದ. ಕಾಲಿಗೆ ಹಗ್ಗ ಸುತ್ತಿ ಒದ್ದು ಏರುವುದು, ಹಿಡಿಗಂಟು ನೂಕುವುದು, ಮತ್ತೆ ಒದೆಯುವುದು. ನಲವತ್ತೇಳರ ಮೈ ಇಪ್ಪತ್ತೇಳರ ಹಾಗೆ ಏರಿತು. ಅಳಿಯನ ಪಕ್ಕಕ್ಕೆ ತೂಗಿ, ಗಿಡ್ಡ ಪಟ್ಟಿಯಿಂದ ಅವನ ಬೆಲ್ಟನ್ನು ತನ್ನ ಬೆಲ್ಟಿಗೆ ಸೇರಿಸಿದ. ಮೂರನೇ ನಿಮಿಷ. ಇನ್ನೇನು, ಅಡ್ಡಹಗ್ಗದ ಕೊಂಡಿ ತೆಗೆದರೆ ಮುಗಿಯಿತು.

ಕೊಂಡಿ ತೆರೆಯಲಿಲ್ಲ. ಎಂಬತ್ತು ಕಿಲೋ ಮರಳು ಅದರ ಮೇಲೆ ಕೂತಿತ್ತು. ಉಡ ಅಳಿಯನ ಕಂಕುಳಿಗೆ ಕೈಕೊಟ್ಟು ಎತ್ತಿದ. ಅಳಿಯ ಏಳಲಿಲ್ಲ, ಉಡನೇ ಕೆಳಗೆ ಜಗ್ಗಿದ. ನೇತಾಡುವವನು ನೇತಾಡುವವನನ್ನು ಎತ್ತುವುದು ಹೇಗೆ? ಎತ್ತಿದಷ್ಟೂ ಕಾಂಡದಿಂದ ದೂರ ತೂಗಿದ. ಕಾಲನ್ನು ಕಾಂಡಕ್ಕೆ ಒದ್ದು ಮೊಣಕಾಲನ್ನು ಅಳಿಯನ ತೊಡೆಯಡಿಗೆ ತುರುಕಿ ನೋಡಿದ. ಹೆಗಲು ಕೊಟ್ಟು ನೋಡಿದ. ಬೈದು ನೋಡಿದ. ಅಡ್ಡಹಗ್ಗ ಕೊಯ್ಯಲು ಚಾಕು ತೆಗೆದ, ಅದರ ಅಲಗಿಗೂ ಬಿಗಿದುನಿಂತ ತನ್ನ ದೊಡ್ಡ ಹಗ್ಗಕ್ಕೂ ನಡುವೆ ನಾಲ್ಕೇ ಬೆರಳಷ್ಟು ಜಾಗವಿತ್ತು. ಬಿಗಿದ ಹಗ್ಗಕ್ಕೆ ಅಲಗು ತಾಗಿದರೆ ಬೆಣ್ಣೆ. ಚಾಕುವನ್ನು ಮಡಚಿ ಒಳಗಿಟ್ಟ.

"ಹದಿನಾಲ್ಕು," ಎಂದು ಕೆಳಗಿನಿಂದ ದನಿ ಬಂತು. ಯಾರ ಅನುಕರಣೆಯೂ ಇರಲಿಲ್ಲ ಅದರಲ್ಲಿ.

ಅಷ್ಟರಲ್ಲಿ ಅವನಿಗೆ ಆರುನಿಮಿಷನ ಪರೀಕ್ಷೆ ನೆನಪಾಯಿತು. ಇದೇ ಕಾಂಡದಲ್ಲಿ, ಇದೇ ಎತ್ತರದಲ್ಲಿ, ಕತ್ತರಿಸಿದ ಕೊಂಬೆಯ ಮೋಟೊಂದು ಕೈಯಗಲ ಚಾಚಿಕೊಂಡಿತ್ತು. ಅದರ ಮೇಲಿನ ತೊಗಟೆ ನುಣ್ಣಗೆ ಸವೆದಿತ್ತು. ಯಾರ ಬೂಟು ಸವೆಸಿತು ಅದನ್ನು? ಹನ್ನೊಂದು ಸಲ ಅಲ್ಲಿ ಕಾಲೂರಿದ್ದು ಅವನೇ. ಬೇಕಂತಲ್ಲ, ಆಣೆ ಮಾಡಿ ಹೇಳಬಲ್ಲ. ಬೆಲ್ಟು ತೊಡೆಗೆ ಕಚ್ಚಿದರೆ ಕಾಲು ತಾನಾಗಿ ಆಸರೆ ಹುಡುಕುತ್ತದೆ, ಕೊಂಡಿಯ ಹತ್ತಿರ ಬೆರಳಾಡಿದರೆ ಕೈ ತಾನಾಗಿ ಹೋಗುತ್ತದೆ. ಮರ ಹತ್ತುವವನ ಮೈ ಸಾಯಲು ಕಲಿತಿರಲಿಲ್ಲ. ಕಲಿಸಿದ ಗುರುವೇ ಪ್ರತಿ ಸಲ ಶಿಷ್ಯನ ಕೈಹಿಡಿದು ಉತ್ತರ ಬರೆಸಿ, ಕೊನೆಗೆ ತಾನೇ ನೂರಕ್ಕೆ ನೂರು ಕೊಟ್ಟಿದ್ದ.

ಸಿಲ್ವರ್ ಓಕಿನ ಮೇಲೆ, ಈ ಹೊತ್ತಿಗೆ, ಮಗಳಿದ್ದಳು.

ಅಳಿಯನನ್ನು ಅಲ್ಲೇ ಬಿಟ್ಟು ಸರ್ರನೆ ಇಳಿದ. ಹಿಡಿಗಂಟು ಕಾದು ವಾಸನೆ ಬಂತು. ನೆಲ ಮುಟ್ಟುವ ಮೊದಲೇ ಫೋನು ಕಿವಿಯಲ್ಲಿತ್ತು. ಮಗಳು ಎತ್ತಲಿಲ್ಲ, ಮರದ ಮೇಲೆ ಎತ್ತಬಾರದು. ಆರುನಿಮಿಷನೂ ಎತ್ತಲಿಲ್ಲ, ಕೆಳಗಿನವನ ಕಣ್ಣು ಮೇಲೇ ಇರಬೇಕು, ಫೋನು ಗಾಡಿಯಲ್ಲೇ ಇರಬೇಕು ಎಂದು ನಿಯಮ ಮಾಡಿದವನು ಉಡನೇ. ಸೂಪರ್‌ವೈಸರ್ ಎತ್ತಿದ.

"ಇವತ್ತು ಕೆಲಸಕ್ಕೆ ಹೋಗಿರೋ ಮೂರೂ ತಂಡ ಇಳಿಸಿ. ಈಗಲೇ. ಕೆಳಗಿರೋ ಯಾರಿಗೂ ಇಳಿಸೋಕೆ ಬರಲ್ಲ."

"ಏನು ಮಾತಾಡ್ತಿದ್ದೀರಿ? ಎಲ್ಲರಿಗೂ ನಿಮ್ಮದೇ ಸಹಿ ಇದೆಯಲ್ಲ!"

"ಅದೇ ಹೇಳ್ತಿದೀನಿ, ನನ್ನ ಸಹಿ ಸುಳ್ಳು!"

"ಒಂದು ಲೆಕ್ಕದಲ್ಲಿ ನೋಡಿದ್ರೆ, ಸಂಜೆ ಕೂತು ಮಾತಾಡೋಣ, ಏನಂತೀರಾ?"

ಉಡ ಏನಂದನೋ ಅದನ್ನು ಬರೆಯುವ ಹಾಗಿಲ್ಲ. ರೇಡಿಯೋ ಆಗಲೇ ಯಾರ್ಡಿನ ಇನ್ನೊಂದು ಗಾಡಿ ಚಾಲೂ ಮಾಡಿದ್ದ. ದಾರಿಯಲ್ಲಿ ಅವನೇ ಫೋನು ಕಸಿದುಕೊಂಡ. ಉಳಿದೆರಡು ತಂಡಗಳ ಗಾಡಿ ಚಾಲಕರಿಗೆ ಒಬ್ಬೊಬ್ಬರಾಗಿ ಕರೆ ಹೋಯಿತು. "ಹಲೋ, ನಾನು ಸೂಪರ್‌ವೈಸರ್. ಒಂದು ಲೆಕ್ಕದಲ್ಲಿ ನೋಡಿದ್ರೆ ಇವತ್ತು ಗಾಳಿ ಜಾಸ್ತಿ. ಎಲ್ಲರನ್ನೂ ಇಳಿಸಿ, ಊಟ ಮಾಡಿಸಿ. ನಾನು ಹೇಳೋವರೆಗೆ ಯಾರೂ ಹತ್ತಬಾರದು, ಏನಂತೀರಾ?" ಎರಡೂ ಕಡೆಯಿಂದ "ಸರಿ ಸಾರ್" ಬಂತು. ಎಲೆಯೂ ಅಲುಗದ ಹೊತ್ತು ಅದು.

"ನಿನ್ನ ಮಾತಿಗೆ ಅವರು ಇಳೀತಿದ್ರಾ?" ಎಂದ ರೇಡಿಯೋ, ರಸ್ತೆಯಿಂದ ಕಣ್ಣು ತೆಗೆಯದೆ. "ವಾದ ಮಾಡ್ತಿದ್ರು. ನೀನು ಕಲಿಸಿದವರಲ್ವಾ."

ಉಡ ಕೆಂಪು ದೀಪಕ್ಕೆ ಬೈದ, ಎದುರು ಬಂದ ಸೈಕಲ್ಲಿಗೆ ಬೈದ, ಕೊನೆಗೆ ಬಾಮೈದನಿಗೆ ಬೈದ. "ಗೊತ್ತಿದ್ರೆ ಮೊದಲೇ ಯಾಕೆ ಹೇಳಲಿಲ್ಲ?"

"ಎರಡನೇ ಸಲ ನಪಾಸಾದಾಗ ಹೇಳಿದೆ. 'ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ' ಅಂದೆ ನೀನು."

ಹೌದು, ಅಂದಿದ್ದ.

ಮನೆಯ ಮುಂದೆ ಗಾಡಿ ನಿಲ್ಲುವ ಮೊದಲೇ ಮೆಷಿನ್ ಗರಗಸದ ಚೀತ್ಕಾರ ಕೇಳಿಸಿತು. ಸಿಲ್ವರ್ ಓಕ್ ನೆಟ್ಟಗೆ ಕಂಬದಂತೆ ಏರಿ, ಮೇಲೆ ಚಾವಣಿಯ ಕಡೆಗೆ ಬಾಗಿತ್ತು. ಹದಿನೆಂಟು ಮೀಟರಿನಲ್ಲಿ ಕಿತ್ತಳೆ ಹೆಲ್ಮೆಟ್ಟು. ಮಗಳು ಎರಡೂ ಹಗ್ಗ ಬಿಗಿದು, ಒರಗಿ, ತನ್ನ ಸೊಂಟಕ್ಕಿಂತ ದಪ್ಪದ ಕೊಂಬೆಗೆ ಗರಗಸ ಇಳಿಸುತ್ತಿದ್ದಳು. ಹೊಟ್ಟು ಹಳದಿಯಾಗಿ ಉದುರುತ್ತಿತ್ತು. ಕೆಳಗೆ ಕಾಂಡ ನುಣ್ಣಗಿತ್ತು, ಕಾಲೂರಲು ಒಂದು ಮೋಟೂ ಇಲ್ಲ. ಅವಳಿಗೇನಾದರೂ ಆದರೆ ಅವಳ ಪೂರ್ತಿ ಭಾರ ಆ ಗಿಡ್ಡ ಹಗ್ಗದ ಮೇಲೆ.

ಕೂಗಬೇಕೆಂದು ಬಾಯಿ ತೆರೆದ; ಮುಚ್ಚಿಕೊಂಡ. ಓಡುತ್ತಿರುವ ಗರಗಸ ಹಿಡಿದವರನ್ನು ಕೂಗಬಾರದು. ತಿರುಗಿ ನೋಡಿದರೆ ಗರಗಸವೂ ಜೊತೆಗೆ ತಿರುಗುತ್ತದೆ. ಅವಳಿಗೆ ಅದನ್ನು ಕಲಿಸಿದವನೂ ಅವನೇ. ಉಗುರು ಅಂಗೈಗೆ ಇಳಿಯುವ ಹಾಗೆ ಮುಷ್ಟಿ ಕಟ್ಟಿ ನಿಂತ. ಕೊಂಬೆ ಹಗ್ಗದಲ್ಲಿ ತೂಗಿಕೊಂಡು ಚಾವಣಿಯ ಅಂಚು ತಪ್ಪಿಸಿ ನಿಧಾನವಾಗಿ ಇಳಿಯಿತು. ಎಷ್ಟು ಚೆನ್ನಾಗಿ ಕಡಿದಳು ಎಂದು ಅನ್ನಿಸಿದ್ದಕ್ಕೂ ಅವನಿಗೆ ಸಿಟ್ಟು ಬಂತು. ಗರಗಸ ನಿಂತಿತು.

"ಇಳಿ!"

ಹೆಲ್ಮೆಟ್ಟು ಬಗ್ಗಿತು. "ಅಪ್ಪಾ? ನೀನ್ಯಾಕೆ ಬಂದೆ?"

"ಇಳಿ ಅಂದೆ! ಒಂದು ಮಾತೂ ಬೇಡ!"

"ಅರ್ಧ ಕೆಲಸ ಬಾಕಿ ಇದೆ!"

"ಮರ ಎಲ್ಲೂ ಹೋಗಲ್ಲ, ಇಳಿಯೇ!"

ಮನೆಯ ಯಜಮಾನಿ ಕಿಟಕಿ ತೆರೆದು, "ಏನ್ರೀ, ಅರ್ಧ ಬೋಳಿಸಿ ಹೋಗ್ತೀರಾ?" ಎಂದು ಕೇಳಿದರು. ಮಗಳು ಇಳಿದು ನೆಲ ಮುಟ್ಟಿದವಳೇ ಹೆಲ್ಮೆಟ್ ಕಿತ್ತು ಹುಲ್ಲಿನ ಮೇಲೆ ಎಸೆದಳು. "ಎಲ್ಲರೆದುರು ಎಳೇ ಮಗೂನ ಕರೆದ ಹಾಗೆ ಕರೀತೀಯಲ್ಲ! ಏನು ತಪ್ಪು ಮಾಡಿದೆ ನಾನು?"

"ನೀನಲ್ಲ." ಉಡ ಆರುನಿಮಿಷನ ಕಡೆ ಬೆರಳು ತೋರಿಸಿದ. "ಇವನಿಗೆ ನಿನ್ನನ್ನ ಇಳಿಸೋಕೆ ಬರಲ್ಲ."

"ಹಲೋ!" ಆರುನಿಮಿಷ ಹೆಲ್ಮೆಟ್ ತಟ್ಟಿ ತೋರಿಸಿದ. "ಆರು ನಿಮಿಷ ಅಂದ್ರೆ ಆರು ನಿಮಿಷ. ನೀವೇ ಗಡಿಯಾರ ನೋಡಿದ್ದು."

"ಅದರಲ್ಲಿ ನಾಲ್ಕು ನಿಮಿಷದ ಕೆಲಸ ನಂದು ಕಣೋ. ಕಾಲೂರಿ ನಾನೇ ಎದ್ದೆ. ಕೊಂಡಿ ನಾನೇ ತಿರುಗಿಸಿ ಕೊಟ್ಟೆ. ಇವತ್ತು ಅಳಿಯನ ಜೊತೆ ಹದಿನಾಲ್ಕು ನಿಮಿಷ ಒದ್ದಾಡಿದೆ. ನನ್ನ ಕೈಲೂ ಆಗಲಿಲ್ಲ."

ಆರುನಿಮಿಷ ಹೆಲ್ಮೆಟ್ ತೆಗೆದು ಅದರ ಮೇಲಿದ್ದ ಬರಹವನ್ನೇ ನೋಡಿದ. ಮಗಳ ಮುಖದಲ್ಲಿ ಬಣ್ಣ ಏರುತ್ತ ಹೋಯಿತು.

"ಮೂರು ತಿಂಗಳು," ಎಂದಳು. "ಮೂರು ತಿಂಗಳಿಂದ ಹತ್ತುತಾ ಇದೀನಿ. ಪ್ರತಿ ಸಲ ಕೆಳಗೆ ನೋಡಿ, ಅಪ್ಪ ಸಹಿ ಹಾಕಿದವರು ನಿಂತಿದಾರೆ, ಪರವಾಗಿಲ್ಲ ಅಂತ ಮೆಷಿನ್ ಚಾಲೂ ಮಾಡ್ತಿದ್ದೆ. ಕೆಳಗೆ ಯಾರೂ ಇರಲಿಲ್ಲ! ನಿನ್ನ ಜಂಬ ಒಂದು ಹೆಲ್ಮೆಟ್ ಹಾಕ್ಕೊಂಡು ನಿಂತಿತ್ತು!"

"ನಂಗೆ ಗೊತ್ತಿರಲಿಲ್ಲ ಮಗಾ."

"ಮಾವನ್ನ ಮೂರು ಸಲ ಬೈದೆಯಲ್ಲ, ಆಗ ಗೊತ್ತಿತ್ತಾ? ಎಲ್ಲ ಗೊತ್ತಿರೋ ಹಾಗೆ ಬೈತಿದ್ದೆ!" ಅವಳು ರೇಡಿಯೋನ ಕೈಯಿಂದ ಗಡಿಯಾರ ಕಿತ್ತುಕೊಂಡು ಅಪ್ಪನ ಕಡೆ ತಿರುಗಿದಳು. "ಹತ್ತು."

"ಏನು?"

"ನನ್ನ ಹಗ್ಗ ಇನ್ನೂ ಮೇಲಿದೆ. ಹತ್ತಿ ಸಾಯಿ. ಸರಿಯಾಗಿ ಸಾಯಿ. ಇವನು ಇಳಿಸ್ಲಿ. ಇಳಿಸೋವರೆಗೆ ನಾನು ಇನ್ನೊಂದು ಮರ ಮುಟ್ಟಲ್ಲ."

ಉಡ ಹತ್ತಿದ. ಹನ್ನೆರಡು ಮೀಟರಿನಲ್ಲಿ ಅಡ್ಡಹಗ್ಗ ಬಳಸಿ, ಆರುನಿಮಿಷನಿಗೆ ಹತ್ತಲು ಎರಡನೇ ಹಗ್ಗವೊಂದನ್ನು ಇಳಿಬಿಟ್ಟು ಸತ್ತ. ಬೆಲ್ಟು ತೊಡೆಸಂದಿಗೆ ಕಚ್ಚಿತು. ಆರುನಿಮಿಷ ಏರಿ ಬಂದ, ಏದುಸಿರು ಬಿಡುತ್ತ ಪಟ್ಟಿ ಸಿಕ್ಕಿಸಿದ, ಕೊಂಡಿಗೆ ಬೆರಳು ಹಾಕಿದ.

"ಅಪ್ಪಾ! ಕೈ!"

ನೋಡಿದರೆ ಬಲಗೈ ಆಗಲೇ ಅರ್ಧ ದಾರಿ ಹೋಗಿತ್ತು. ಹೊರಟದ್ದು ಅವನಿಗೆ ತಿಳಿದಿರಲಿಲ್ಲ. ಕಳ್ಳನ ಕೈಯನ್ನು ಹಿಂದಕ್ಕೆಳೆಯುವ ಹಾಗೆ ಎಳೆದುಕೊಂಡ. ಇಪ್ಪತ್ತು ಎಣಿಸುವಷ್ಟರಲ್ಲಿ ಮತ್ತೆ, "ಅಪ್ಪಾ! ಕಾಲು!" ಎಡಗಾಲು ಇಲ್ಲದ ಮೋಟನ್ನು ತಡಕುತ್ತಿತ್ತು. ಅವನು ಕಾಲಿಗೆ ಬೈದ.

"ಹೆಣ ಮಾತಾಡಬಾರದು!" ಕೆಳಗಿನಿಂದ ಮಗಳು.

ಆರುನಿಮಿಷ ಎತ್ತಿದ, ಜಗ್ಗಿದ, ತೂಗಿದ. "ಆಗ್ತಿಲ್ಲ," ಎಂದು ಅಳುವ ದನಿಯಲ್ಲಿ ಅಂದ. ಏಳನೇ ನಿಮಿಷಕ್ಕೆ ಉಡನ ಪಾದಗಳು ಜೋಮು ಹಿಡಿದವು. ಎಂಟಕ್ಕೆ ಕಣ್ಣ ಮುಂದೆ ಬೆಳ್ಳಿ ಚುಕ್ಕಿ ಹಾರಿದವು. ಗೊಂಬೆಗೆ ಇದೊಂದು ಕಷ್ಟವಿಲ್ಲ ಎಂದುಕೊಂಡ.

"ಎತ್ತಬೇಡ್ವೋ!" ಕೆಳಗಿನಿಂದ ರೇಡಿಯೋ ಚೀರಿದ. "ನಾನು ಮೂರು ಸಲ ಎತ್ತಿ ಕೆಟ್ಟಿದೀನಿ! ಅವನ ಹಗ್ಗ ಮೇಲೆ ಕವಲಲ್ಲಿ ಇದೆಯಲ್ಲ, ಅಲ್ಲಿಗೊಂದು ಕೊಂಡಿ ತೂಗುಹಾಕು. ಉದ್ದ ಪಟ್ಟೀನ ಅದರೊಳಗಿಂದ ಹಾಯಿಸು. ಒಂದು ತುದಿ ಅವನಿಗೆ, ಒಂದು ತುದಿ ನಿಂಗೆ. ಆಮೇಲೆ ನೀನು ಸುಮ್ನೆ ಕೂತ್ಕೋ! ನಿನ್ನ ಭಾರಕ್ಕೆ ಅವನು ಏಳ್ತಾನೆ!"

ಏತದ ಹಾಗೆ. ಆರುನಿಮಿಷ ಮೇಲೇರಿ, ತಡವರಿಸುತ್ತ ಕೊಂಡಿ ತೂಗುಹಾಕಿ, ಇಳಿದು ಬಂದು ಕೂತ. ಉಡನ ಸೊಂಟ ಎರಡು ಬೆರಳು ಮೇಲೆದ್ದಿತು. ಅಡ್ಡಹಗ್ಗ ಸಡಿಲವಾಗಿ ಕೊಂಡಿ ಕಟಕ್ಕೆಂದು ತೆರೆಯಿತು. ಇಬ್ಬರೂ ಒಟ್ಟಿಗೆ ಇಳಿದು ಹುಲ್ಲಿನ ಮೇಲೆ ಬಿದ್ದರು.

"ಇದನ್ನ ಯಾವಾಗ ಕಂಡುಹಿಡಿದೆ?" ಉಡ ಮಲಗಿದಲ್ಲಿಂದಲೇ ಕೇಳಿದ. ನಾಲಿಗೆ ಮರದ ಹಾಗಿತ್ತು.

"ಬೆಳಿಗ್ಗೆ, ಮೇಲೆ. ಹದಿನಾಲ್ಕನೇ ನಿಮಿಷಕ್ಕೆ ಹೊಳೀತು. ಅಷ್ಟರಲ್ಲಿ ನೀನು ಸಾಕು ಇಳಿ ಅಂದೆ."

ಉಡನಿಗೆ ರೇಗಿತು. ಯಾರ ಮೇಲೆ ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಕಾಲಿಗೆ ರಕ್ತ ಹಿಂತಿರುಗುತ್ತ ಸೂಜಿ ಚುಚ್ಚಿದಂತೆ ಉರಿಯುತ್ತಿತ್ತು. ಜೇಬಿನಲ್ಲಿ ಫೋನು ಬಡಿದುಕೊಂಡಿತು; ಸೂಪರ್‌ವೈಸರ್ ಇರಬೇಕು, ಗಾಳಿಯ ಸುದ್ದಿ ಅವನಿಗೂ ಮುಟ್ಟಿರಬೇಕು. ಬಡಿದುಕೊಳ್ಳಲಿ ಎಂದು ಬಿಟ್ಟ.

"ಹದಿಮೂರು ನಿಮಿಷ," ಎಂದಳು ಮಗಳು. "ಸತ್ತಿದೀಯ."

"ಹ್ಞೂಂ."

"ಇನ್ನೊಂದ್ ಸಲ. ಈ ಸಲ ಮಾವ."

"ಕಾಲು ಬರಲಿ ಕಣೇ."

"ಎರಡು ನಿಮಿಷ ಕೊಡ್ತೀನಿ."

ರೇಡಿಯೋ ಬೊಬ್ಬೆ ಬಂದ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಯಜಮಾನಿ ಕಿಟಕಿಯಿಂದ, "ಅಲ್ರೀ, ಮರ ಕಡಿಯೋದು ಬಿಟ್ಟು ಇದೇನು ಆಟ?" ಎಂದರು. "ಆಟ ಅಲ್ಲ ತಾಯಿ, ಪರೀಕ್ಷೆ. ನಪಾಸಾದವನು ನಾನು," ಎಂದ ಉಡ, ಮತ್ತು ಎರಡು ನಿಮಿಷ ಮುಗಿಯುವ ಮೊದಲೇ ಹಗ್ಗ ಹಿಡಿದ. ಬೈದುಕೊಂಡೇ ಹತ್ತಿದ: ಕಾಲನ್ನು, ಬೆಲ್ಟನ್ನು, ನೀಲಿ ಪುಸ್ತಕವನ್ನು, ಅದರಲ್ಲಿನ ತನ್ನ ಗುಂಡುಗುಂಡಾದ ಸಹಿಯನ್ನು. ಮೇಲೆ ಮುಟ್ಟಿ, ಅಡ್ಡಹಗ್ಗ ಬಳಸಿ, ಎರಡೂ ಕೈಗಳನ್ನು ಬೆಲ್ಟಿನೊಳಗೆ ಮೊಣಕೈವರೆಗೆ ತುರುಕಿದ. ಕಾಲು ಬಿಟ್ಟ. ಕುತ್ತಿಗೆ ಚೆಲ್ಲಿದ.

"ಶುರು," ಎಂದಳು ಮಗಳು.